ಕದಲದ ಕೂಸು

ನಮ್ಮ ಊರಿನಲ್ಲಿ ಯಾರ ಫೋಟೊವೂ ಒಂದು ವರ್ಷಕ್ಕಿಂತ ಹೆಚ್ಚು ನಡೆಯುವುದಿಲ್ಲ. ರೇಷನ್ ಕಾರ್ಡಿಗೂ, ಶಾಲೆಗೂ, ಬಸ್ ಪಾಸಿಗೂ ಪ್ರತಿ ವರ್ಷ ಹೊಸದು ಬೇಕು. ಅದರಿಂದಲೇ ನನ್ನ ಸ್ಟುಡಿಯೊ ನಡೆಯುತ್ತದೆ. ಹೋದ ವರ್ಷ ಎರಡೂ ಕಣ್ಣು ಕಪ್ಪಗಿದ್ದ ಕನ್ನಡ ಮಾಸ್ತರರಿಗೆ ಈ ವರ್ಷ ಎಡಗಣ್ಣು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಹಿಟ್ಟಿನ ಗಿರಣಿಯವನ ಕುತ್ತಿಗೆಯ ಮೇಲೆ ಅಂಗೈಯಗಲ ಬಿಳುಪು ಬಂದಿರುತ್ತದೆ. ಪೋಸ್ಟಿನ ಹೆಣ್ಣುಮಗಳಿಗೆ ನಾಲ್ಕು ದಿನ ಜ್ವರ ಬಂದು ಬಿಟ್ಟ ಮೇಲೆ ಸಿಹಿ ಯಾವುದು, ಸಪ್ಪೆ ಯಾವುದು ತಿಳಿಯದಂತಾಗಿರುತ್ತದೆ. ಅದು ಫೋಟೊದಲ್ಲಿ ಕಾಣುವುದಿಲ್ಲ, ಆದರೂ ಅವಳು ನೆಪಕ್ಕೆ ಬಂದು ಸ್ಟೂಲಿನ ಮೇಲೆ ಕೂತು ಹೇಳಿಕೊಂಡು ಹೋಗುತ್ತಾಳೆ. ನಾವು ಇದಕ್ಕೆ ಕದಲಿಕೆ ಎನ್ನುತ್ತೇವೆ. ಮೈಯೊಳಗೆ ಯಾವುದೋ ಒಂದು ಕೂತಲ್ಲಿಂದ ಎದ್ದು ಬೇರೆ ಕಡೆ ಹೋಗಿ ಕೂರುತ್ತದೆ, ಅಷ್ಟೆ. ನಮ್ಮ ಹೊಲದ ಮೆಕ್ಕೆಜೋಳದ ತೆನೆಯಲ್ಲೂ ಹಾಗೆಯೇ, ಒಂದು ಕಾಳು ಹಳದಿ, ಒಂದು ನೇರಳೆ, ಇನ್ನೊಂದರ ಮೇಲೆ ಮಸಿ ಚೆಲ್ಲಿದಂಥ ಚುಕ್ಕೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು, “ಎಷ್ಟು ಸಲ ಕದಲ್ಯಾಳ?” ಎಂದು.

ಇನ್ನೊಂದು, ನೀರಿನ ವಿಷಯ. ನಮ್ಮ ಬಾವಿಗಳ ನೀರು ಕಹಿ. ಹೊರಗಿನವರು ಒಂದು ವಾರ ಕುಡಿದರೆ ಮುಖ ಬಾತುಕೊಳ್ಳುತ್ತದೆ, ಎರಡು ವಾರಕ್ಕೆ ಮೂತ್ರ ನಿಂತುಹೋಗುತ್ತದೆ. ನಮಗೋ ಅದಿಲ್ಲದೆ ಆಗುವುದಿಲ್ಲ. ಊರು ಬಿಟ್ಟು ಹದಿನೈದು-ಇಪ್ಪತ್ತು ದಿನ ಕಳೆದರೆ ನಮ್ಮವರ ಬೆರಳುಗಳು ಸೆಟೆದುಕೊಳ್ಳುತ್ತವೆ, ಆಮೇಲೆ ಎದೆ ಹಿಡಿಯುತ್ತದೆ. ಕ್ಯಾನಿನಲ್ಲಿ ತುಂಬಿಸಿ ಒಯ್ಯೋಣವೆಂದರೆ ಎರಡನೆಯ ದಿನಕ್ಕೇ ಕಹಿಯೆಲ್ಲ ತಳಕ್ಕಿಳಿದು ಕಲ್ಲಾಗುತ್ತದೆ. ಆ ಕಲ್ಲನ್ನು ಅರೆದು ಕುಡಿದರೂ ಪ್ರಯೋಜನವಿಲ್ಲ. ಒಮ್ಮೆ ಹೋಗಿ ಬೆರಳು ಸೆಟೆದು ಬಂದವನು ಮತ್ತೆ ಒಂದು ವರ್ಷ ಗಡಿ ದಾಟುವಂತಿಲ್ಲ. ದಾಟಿದ ಮೂವರು ನನಗೆ ಗೊತ್ತು. ಮೂವರೂ ಹೆಣವಾಗಿ ಬಂದರು. ಹೊರಗಿನ ದೊಡ್ಡ ಊರು ಇಲ್ಲಿಂದ ಬಸ್ಸಿನಲ್ಲಿ ಎರಡು ದಿನದ ದಾರಿ.

ನನ್ನ ಹೆಸರು ಅಡಿವೆಪ್ಪ. ಹೆಂಡತಿ ಸುಗಂಧಾ. ಮದುವೆಯ ಹೊತ್ತಿಗೆ ಅವಳು ಒಂದೇ ಒಂದು ಸಲ ಕದಲಿದ್ದಳು, ಬಲಗೈಯ ಎರಡು ಉಗುರು ಕಪ್ಪಾಗಿದ್ದವು. ಅದನ್ನು ಮುಚ್ಚಿಟ್ಟುಕೊಳ್ಳದೆ ನೋಡಲು ಹೋದವರ ಮುಂದೆ ಕೈ ಚಾಚಿ ತೋರಿಸಿದ್ದಳು. ಅದಕ್ಕೇ ನಾನು ಒಪ್ಪಿದ್ದು. ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಹೇಳುವವಳು. ಬೇರೆಯವರೂ ತನ್ನ ಹಾಗೆಯೇ ಎಂದು ನಂಬಿದವಳು.

ನಮ್ಮ ಮೊದಲ ಮಗಳು ಮುಕ್ತಾ. ಅವಳಿಗೆ ಆರು ವರ್ಷವಾಗುವವರೆಗೆ ಏನೂ ಆಗಲಿಲ್ಲ. ಆ ಬೇಸಿಗೆಯಲ್ಲಿ ಅವಳಿಗೆ ಎರಡು ದಿನ ಸಣ್ಣ ಜ್ವರ ಬಂತು. ಕಣ್ಣು, ಕೂದಲು, ಚರ್ಮ ಎಲ್ಲ ನೋಡಿದೆವು, ಎಲ್ಲವೂ ಇದ್ದ ಹಾಗೆಯೇ ಇತ್ತು. ನನ್ನ ತಾಯಿ ಬಾಳವ್ವ ಮೊಮ್ಮಗಳ ದೃಷ್ಟಿ ತೆಗೆದು, “ಏನೂ ಕದಲಿಲ್ಲ ಬಿಡ್ರಿ” ಎಂದಳು. ತಿಂಗಳಾದ ಮೇಲೆ ಮುಕ್ತಾಳ ಮುಂದಿನ ಹಾಲುಹಲ್ಲು ಬಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನಗುತ್ತಾ ಸ್ಟುಡಿಯೊಗೆ ಬಂದಳು. ಹಲ್ಲಿನ ಜಾಗದಿಂದ ರಕ್ತ ಬರುತ್ತಿತ್ತು. ಸಂಜೆಗೂ ಬರುತ್ತಿತ್ತು. ಮರುದಿನವೂ ನಿಲ್ಲಲಿಲ್ಲ. ದವಾಖಾನೆಯಲ್ಲಿ ಹತ್ತಿ ತುರುಕಿದರು, ಹೊಲಿಗೆ ಹಾಕಿದರು. ಹೊಲಿಗೆಯ ಸೂಜಿ ಹೊಕ್ಕ ತೂತುಗಳಿಂದಲೂ ರಕ್ತ ಜಿನುಗತೊಡಗಿತು. ಅವಳ ರಕ್ತ ಹೆಪ್ಪುಗಟ್ಟುವುದನ್ನೇ ಮರೆತಿತ್ತು. ಒಂಬತ್ತು ದಿನ ಸುಗಂಧಾ ಮಗಳ ಬಾಯಿಗೆ ಬಟ್ಟೆ ಒತ್ತಿ ಹಿಡಿದು ಕೂತಳು. ಕೊನೆಕೊನೆಗೆ ಮಗು, “ಅವ್ವಾ, ಕೈ ತಗಿ, ನಿನ್ನ ಕೈ ನೋಯತೈತಿ” ಎನ್ನುತ್ತಿತ್ತು. ಹತ್ತನೆಯ ದಿನ ಬೆಳಿಗ್ಗೆ ಬಟ್ಟೆ ಒತ್ತುವ ಅಗತ್ಯವೇ ಉಳಿಯಲಿಲ್ಲ.

ಡಾಕ್ಟರ್ ಎಸ್ತರ್ ನಮ್ಮ ಊರಿಗೆ ಬಂದದ್ದು ಅದಾದ ಮಾರನೆಯ ವರ್ಷ. ಒಂಟಿ ಹೆಂಗಸು, ಐವತ್ತರ ಹತ್ತಿರದ ವಯಸ್ಸು. ನೀರಿನ ಕ್ಯಾನು, ಅಕ್ಕಿ, ಹಾಲಿನ ಪುಡಿ ಎಲ್ಲವನ್ನೂ ಹೊರಗಿನಿಂದಲೇ ತರಿಸಿಕೊಳ್ಳುತ್ತಿದ್ದರು. ಆದರೂ ಪ್ರತಿ ತಿಂಗಳು ಎರಡು ವಾರ ಊರು ಬಿಟ್ಟು ಹೋಗಿ ಬರಬೇಕಾಗಿತ್ತು. ಅವರು ಮನೆ ಮನೆಗೆ ಹೋಗಿ ರಕ್ತ ತೆಗೆದುಕೊಂಡರು. ದವಾಖಾನೆಯಲ್ಲಿ ಮುಕ್ತಾಳ ರಕ್ತವನ್ನು ಒಂದು ಸಣ್ಣ ಸೀಸೆಯಲ್ಲಿ ತಣ್ಣಗೆ ಇಟ್ಟಿದ್ದರಂತೆ, ಅದನ್ನೂ ಒಯ್ದರು. ನಾಲ್ಕು ತಿಂಗಳಾದ ಮೇಲೆ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂತು ಹೇಳಿದರು.

“ಮೈಯನ್ನು ಹೇಗೆ ಕಟ್ಟಬೇಕು, ಹೇಗೆ ನಡೆಸಬೇಕು ಅಂತ ಒಳಗೆ ಒಂದು ದೊಡ್ಡ ಬರಹ ಇದೆ. ಡಿಎನ್‌ಎ ಅಂತೀವಿ. ಅದರಲ್ಲಿ ಕೆಲವು ತುಣುಕುಗಳು ಅಲೆಮಾರಿಗಳು. ಇದ್ದ ಕಡೆ ಇರೋದಿಲ್ಲ, ಎದ್ದು ಬೇರೆ ಕಡೆ ಹೋಗಿ ನುಗ್ಗುತ್ತವೆ. ಮುಕ್ತಾಳಲ್ಲಿ ಒಂದು ತುಣುಕು ಹೋಗಿ, ರಕ್ತ ಹೆಪ್ಪುಗಟ್ಟು ಅಂತ ಹೇಳುವ ಸಾಲಿನ ಮಧ್ಯದಲ್ಲಿ ಕೂತಿದೆ. ಸಾಲು ಎರಡು ಹೋಳಾಯಿತು. ಓದೋದಕ್ಕೆ ಆಗಲಿಲ್ಲ.”

ಸುಗಂಧಾ ಮುಂದಕ್ಕೆ ಸರಿದು ಕೇಳಿದಳು. “ನಿಮ್ಮ ಮೈಯಾಗೂ ಐತೇನ್ರಿ ಅದು?”

“ಇದೆ ತಾಯಿ. ಎಲ್ಲರಲ್ಲೂ ಇದೆ. ಆ ಬರಹದಲ್ಲಿ ಅರ್ಧದಷ್ಟು ಅಂಥವೇ, ಇಲ್ಲ ಅವು ಬಿಟ್ಟುಹೋದ ಗುರುತುಗಳೇ. ನಮ್ಮ ಕಡೆಯವರಲ್ಲಿ ಹೆಚ್ಚಿನವು ಎಷ್ಟೋ ಕಾಲದ ಹಿಂದೆ ಮಲಗಿಬಿಟ್ಟವು. ನಿಮ್ಮವು ಮಲಗಲಿಲ್ಲ.”

“ಮಲಗಸಾಕ ಬರತೈತೇನ್ರಿ?”

“ನೋಡೋಣ,” ಎಂದರು ಡಾಕ್ಟರ್. ಆ ಮಳೆಗಾಲದಲ್ಲಿ ತಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ಎರಡು ಸಾಲು ಮೆಕ್ಕೆಜೋಳ ಬಿತ್ತಿದರು, ಬೀಜವನ್ನು ಒಂದು ಔಷಧದಲ್ಲಿ ನೆನೆಸಿಟ್ಟು. ಮಳೆಯ ನೀರಿನಲ್ಲೇ ಬೆಳೆದ ಆ ಬೆಳೆಯ ತೆನೆ ಸುಲಿದಾಗ ಊರಿನ ಅರ್ಧ ಜನ ಅಲ್ಲಿ ನೆರೆದಿದ್ದರು. ಒಂದೇ ಒಂದು ಚುಕ್ಕೆಯಿಲ್ಲ. ಎಲ್ಲ ಕಾಳೂ ಹಳದಿ. ಮುದುಕರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಸುಗಂಧಾ ಒಂದು ತೆನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದು ದೇವರ ಮುಂದೆ ಇಟ್ಟಳು.

ಆ ಹೊತ್ತಿಗೆ ಅವಳು ಮತ್ತೆ ಬಸುರಿಯಾಗಿದ್ದಳು. “ಇನ್ನೊಂದು ಕೂಸಿನ ಹಲ್ಲು ಬೀಳೂದನ್ನ ನಾ ಕಾಯ್ಕೊಂತ ಕೂಡಂಗಿಲ್ಲ,” ಎಂದಳು ಡಾಕ್ಟರರಿಗೆ. “ಬಾಯಾರ, ನನಗ ಆ ಔಷಧ ಕೊಡ್ರಿ.”

ಬೆಳೆದವರಲ್ಲಿ ಆ ಔಷಧ ಏನೂ ಮಾಡುವುದಿಲ್ಲ, ಹೊಟ್ಟೆಯಲ್ಲಿ ರೂಪ ಪಡೆಯುತ್ತಿರುವ ಮಗುವಿನಲ್ಲಿ ಮಾತ್ರ ಕೆಲಸ ಮಾಡುತ್ತದೆ ಎಂದರು ಡಾಕ್ಟರ್. ಮೂರು ಸೂಜಿ, ತಿಂಗಳಿಗೊಂದು. ಮೂರೂ ಆದರೆ ಮಾತ್ರ ಪೂರ್ತಿಯಾಗುತ್ತದೆ. ಮೊದಲ ಎರಡರ ನಂತರ ಬಿಟ್ಟರೆ ಮಗು ಎಲ್ಲರ ಹಾಗೆಯೇ ಹುಟ್ಟುತ್ತದೆ. ತಾವು ಇದನ್ನು ಇದುವರೆಗೆ ಯಾವ ಮನುಷ್ಯರಿಗೂ ಕೊಟ್ಟಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ನನ್ನ ತಾಯಿಗೆ ಇದು ಸೇರಲಿಲ್ಲ.

“ನನ್ನ ಹಾಡೂ ದನಿ ಮೂವತ್ತನೇ ವಯಸ್ಸಿಗೆ ಹೋತು. ನನ್ನ ತಮ್ಮ ಕುರುಡಾದ. ನಾ ಏನ್ ಅದನ್ನ ಛಲೋ ಅನ್ನಾಕತ್ತಿಲ್ಲ,” ಎಂದಳು ಬಾಳವ್ವ. “ಆದ್ರ ಅದು ಇಷ್ಟು ದಿನ ನಮ್ಮೊಳಗ ಇದ್ದು ಏನೇನು ಮಾಡೇತಿ ಅನ್ನೂದು ಯಾರಿಗೆ ಗೊತ್ತೈತಿ? ಈ ಡಾಕ್ಟರ್ ಬಾಯಾರಿಗರ ಗೊತ್ತೈತೇನು?”

“ಮುಕ್ತಾಗ ಏನ್ ಮಾಡ್ತು ಅನ್ನೂದು ನನಗ ಗೊತ್ತೈತ್ರಿ ಅತ್ತಿ,” ಎಂದಳು ಸುಗಂಧಾ.

ಮೊದಲ ಸೂಜಿಯಾಯಿತು. ಸುಗಂಧಾ ಎರಡು ವರ್ಷದ ನಂತರ ಎರಡು ಹೊತ್ತು ಊಟ ಮಾಡತೊಡಗಿದಳು. ಡಾಕ್ಟರ್ ನನ್ನ ಕೈಗೆ ಒಂದು ಹಿಡಿ ನೆನೆಸಿದ ಬೀಜ ಕೊಟ್ಟು, “ಈ ಸಲ ನಿಮ್ಮ ಸ್ಟುಡಿಯೊ ಹಿಂದೆ ಹಾಕಿ ನೋಡೋಣ ಅಡಿವೆಪ್ಪ. ಬೇರೆ ಮಣ್ಣಿನಲ್ಲಿ ಹೇಗೆ ಬರುತ್ತೆ ಅಂತ,” ಎಂದರು. ಹಾಕಿದೆ. ಮಳೆ ಮುಗಿದಿತ್ತು. ದಿನಾ ಬೆಳಿಗ್ಗೆ ಬಾವಿಯಿಂದ ಎರಡು ಕೊಡ ನೀರು ಹೊಯ್ಯುತ್ತಿದ್ದೆ. ಪಕ್ಕದಲ್ಲಿ ನಮ್ಮದೇ ಚುಕ್ಕೆಜೋಳದ ನಾಲ್ಕು ಗಿಡ ಇದ್ದವು.

ಎರಡನೆಯ ಸೂಜಿ ಕೊಟ್ಟು ಡಾಕ್ಟರ್ ಊರು ಬಿಟ್ಟು ಹೋದ ವಾರ, ಔಷಧದ ಗಿಡಗಳ ಎಲೆಯ ತುದಿ ಕಪ್ಪಗಾಯಿತು. ನಾಲ್ಕೇ ದಿನದಲ್ಲಿ ಕಾಂಡ ಬಾತು, ಒಳಗೆ ನೀರು ತುಂಬಿದಂತಾಗಿ, ಮುಟ್ಟಿದರೆ ಮೆತ್ತಗೆ ಒಡೆಯಿತು. ಚುಕ್ಕೆಜೋಳದ ನಾಲ್ಕು ಗಿಡ ಅದೇ ನೀರು ಕುಡಿದು ಹಸಿರಾಗಿ ನಿಂತಿದ್ದವು. ನಾನು ಅಲ್ಲಿ ಬಹಳ ಹೊತ್ತು ನಿಂತೆ. ತಿಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಪೂರ್ತಿ ತಿಳಿಯಿತು ಎಂದರೂ ಸುಳ್ಳೇ. ಹುಳ ಬಿದ್ದಿರಬೇಕು, ಬಿಸಿಲು ಹೆಚ್ಚಾಗಿರಬೇಕು ಎಂದುಕೊಂಡೆ. ಒಳಗೆ ಬಂದರೆ ಸುಗಂಧಾ ಮುಕ್ತಾಳ ಹಳೆಯ ಲಂಗ ಬಿಚ್ಚಿ ಕುಲಾವಿ ಹೊಲಿಯುತ್ತಿದ್ದಳು. ಮಗಳು ಹೋದ ಮೇಲೆ ಅವಳು ಆ ಪೆಟ್ಟಿಗೆ ತೆರೆದದ್ದು ಅದೇ ಮೊದಲು. ನನ್ನನ್ನು ನೋಡಿ, “ಜ್ವಾಳ ಹೆಂಗ ಅದಾವ್ರಿ?” ಎಂದಳು.

“ಹಿಂದಿನ ಮನಿಯವರ ಆಡು ಹೊಕ್ಕು ತಿಂದು ಹೋಗ್ಯಾವ,” ಎಂದೆ.

ಮರುದಿನ ಗಿಡಗಳನ್ನು ಬೇರುಸಹಿತ ಕಿತ್ತು ತಿಪ್ಪೆಗೆ ಹಾಕಿದೆ. ಡಾಕ್ಟರ್ ಬಂದು ಕೇಳಿದಾಗಲೂ ಆಡಿನ ಮಾತೇ ಹೇಳಿದೆ. ಅವರು, “ಛೆ,” ಎಂದರು, ಅಷ್ಟೆ. ಮಳೆಗಾಲದ ಬೆಳೆ ಚೆನ್ನಾಗಿ ಬಂದಿತ್ತಲ್ಲ, ಅವರಿಗೂ ಅನುಮಾನ ಬರಲಿಲ್ಲ. ಹತ್ತು ದಿನ ಬಿಟ್ಟು ಮೂರನೆಯ ಸೂಜಿಯಾಯಿತು. ಸುಗಂಧಾಳ ತೋಳನ್ನು ಹಿಡಿದುಕೊಂಡಿದ್ದವನು ನಾನೇ.

ಹೆಣ್ಣು ಮಗು ಹುಟ್ಟಿತು. ಹೊಕ್ಕುಳ ಕತ್ತರಿಸಿದಾಗ ರಕ್ತ ಬಂದು, ನಾವೆಲ್ಲ ನೋಡುತ್ತಿದ್ದಂತೆ ನಿಂತಿತು. ಸುಗಂಧಾ ಅತ್ತಳು. ಹೆಸರು ಅವಳೇ ಆರಿಸಿದಳು, ಅಚಲಾ. ಬಾಳವ್ವ ನಾಲಿಗೆ ಹೊರಳದೆ ಅಚಲವ್ವ ಎಂದು ಕರೆಯತೊಡಗಿದಳು. ಊರಿನವರು ಬಂದು ತೊಟ್ಟಿಲು ಬಗ್ಗಿ ನೋಡಿ, “ಇದು ಮುದುಕಿ ಆದ್ರೂ ಹಿಂಗ ಇರತೈತಂತ,” ಎಂದು ಮಾತಾಡಿಕೊಂಡು ಹೋಗುತ್ತಿದ್ದರು. ಮತ್ತೆ ಇಬ್ಬರು ಬಸುರಿಯರು ಸೂಜಿಗೆ ಹೆಸರು ಬರೆಸಿದರು.

ಐದು ತಿಂಗಳು ಮಗು ತಾಯಿಯ ಹಾಲಿನಲ್ಲೇ ಗುಂಡಗೆ ಬೆಳೆಯಿತು. ಆರನೆಯ ತಿಂಗಳು ಬಾಳವ್ವ ಬಾವಿಯ ನೀರಿನಲ್ಲಿ ರಾಗಿ ಗಂಜಿ ಕಾಯಿಸಿ ಬಾಯಿಗಿಟ್ಟಳು. ಎಂಟನೆಯ ದಿನ ಬೆಳಿಗ್ಗೆ ಮಗುವಿನ ರೆಪ್ಪೆ ಬಾತಿತ್ತು. ಹತ್ತನೆಯ ದಿನ ಪಾದಗಳು. ಸುಗಂಧಾ ಮಗುವಿನ ಒಣ ಬಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. “ನಿನ್ನೆ ಮುಂಜಾನೆಯಿಂದ ಒಂದು ಬಟ್ಟೀನೂ ಒದ್ದಿ ಮಾಡಿಲ್ರಿ,” ಎಂದಳು. ನಮ್ಮ ಊರಿನಲ್ಲಿ ಆ ಲಕ್ಷಣ ತಿಳಿಯದವರಿಲ್ಲ. ಹೊರಗಿನಿಂದ ಬಂದ ಎಷ್ಟೋ ಜನರಲ್ಲಿ ಅದನ್ನು ನೋಡಿದ್ದೇವೆ. ಆದರೆ ನಮ್ಮ ಮಗುವಿನಲ್ಲಿ ಅದನ್ನು ಹೆಸರಿಟ್ಟು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಡಾಕ್ಟರ್ ತಮ್ಮ ಕ್ಯಾನಿನ ನೀರು ಕೊಟ್ಟು, ಔಷಧ ಕೊಟ್ಟು ಮಗುವನ್ನು ಉಳಿಸಿದರು. ಮೂರು ದಿನಕ್ಕೆ ಬಾವು ಇಳಿಯಿತು. ಆ ಮೂರು ದಿನದಲ್ಲಿ ಅವರ ಮುಖ ಮಾತ್ರ ಗುರುತು ಸಿಗದಷ್ಟು ಇಳಿದುಹೋಗಿತ್ತು. ಮತ್ತೆ ಅದೇ ಚಾಪೆಯ ಮೇಲೆ ಕೂತರು.

“ನನ್ನಿಂದ ತಪ್ಪಾಯಿತು,” ಎಂದರು. “ಅಲೆಮಾರಿ ತುಣುಕು ಹಾಳು ಮಾಡೋದನ್ನ ಮಾತ್ರ ನಾನು ಹುಡುಕಿದೆ. ನಿಮ್ಮ ಹಿರಿಯರಲ್ಲಿ ಯಾರಲ್ಲೋ ಒಂದು ತುಣುಕು ಎದ್ದು ಹೋಗಿ, ಮೈಯಿಂದ ಕಹಿಯನ್ನ ಹೊರಗೆ ಹಾಕುವ ಸಾಲಿನ ಮುಂದೆ ಕೂತಿದೆ. ಆ ಸಾಲು ಜೋರಾಗಿ ಓಡೋದಕ್ಕೆ ಅದೇ ಕಾರಣ. ಹೊರಗೆ ಹೋದರೆ ನಿಮ್ಮ ಮೈಯಲ್ಲಿ ಕಹಿಯೇ ಉಳಿಯದೆ ಬೆರಳು ಸೆಟೆಯೋದೂ ಅದಕ್ಕೇ. ಆ ಒಬ್ಬರ ಮಕ್ಕಳು ಮಾತ್ರ ಈ ನೀರು ಕುಡಿದು ಉಳಿದಿರಬೇಕು. ನೀವೆಲ್ಲ ಅವರ ವಂಶದವರು. ಅಚಲಾಳಲ್ಲಿ ನಾನು ಎಲ್ಲವನ್ನೂ ಮಲಗಿಸಿದೆ. ಅದೂ ಮಲಗಿತು.”

“ಎಬ್ಬಸರಿ,” ಎಂದಳು ಸುಗಂಧಾ.

“ಆಗೋದಿಲ್ಲ ತಾಯಿ.”

ಆಮೇಲೆ ಡಾಕ್ಟರ್ ತಮಗೆ ತಾವೇ ಎಂಬಂತೆ, “ಮೆಕ್ಕೆಜೋಳವನ್ನ ಬಾವಿ ನೀರಲ್ಲಿ ಒಂದು ಸಲ ಬೆಳೆದು ನೋಡಿದ್ದರೆ ಸಾಕಿತ್ತು. ಆ ಆಡುಗಳು ತಿನ್ನದೆ ಇದ್ದಿದ್ದರೆ,” ಎಂದರು.

ಆಗ ನಾನು ಹೇಳಿದೆ. ಯಾಕೆ ಹೇಳಿದೆನೋ ಇಂದಿಗೂ ತಿಳಿಯದು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಡು ಬಂದಿರಲಿಲ್ಲ, ಗಿಡ ಬಾತು ಕೊಳೆತವು, ನಾನೇ ಕಿತ್ತು ಹಾಕಿದೆ ಎಂದೆ.

ಸುಗಂಧಾ ಮಗುವನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸಿಕೊಂಡಳು. “ಯಾವಾಗ?”

“ಎರಡನೇ ಸೂಜಿ ಆದ ಮ್ಯಾಲೆ.”

“ಮೂರನೇದು ಆಗಿರಲಿಲ್ಲ.”

“ಇಲ್ಲ.”

“ನೀವು ನನ್ನ ತೋಳು ಹಿಡಕೊಂಡಿದ್ರಿ,” ಎಂದಳು. ಬೈಯಲಿಲ್ಲ, ಅಳಲಿಲ್ಲ. ಆ ದಿನದಿಂದ ನನ್ನೊಡನೆ ಅವಳು ಆಡಿದ್ದು ಬೇಕಾದಷ್ಟು ಮಾತು ಮಾತ್ರ, ದೀಪ ಹಚ್ಚರಿ, ಬಾಗಿಲ ಮುಂದ ಮಾಡ್ರಿ ಎಂಬಂಥವು.

ಎರಡು ತಿಂಗಳು ಒದ್ದಾಡಿದೆವು. ಹೊರಗಿನ ನೀರು, ಹೊರಗಿನ ಹಾಲಿನ ಪುಡಿ, ಹೊರಗಿನ ಅಕ್ಕಿ. ಮಗು ತೆವಳಲು ಕಲಿತಿತ್ತು. ನೆಲದ ಮಣ್ಣು ಬಾಯಿಗೆ ಹಾಕಿಕೊಳ್ಳುತ್ತಿತ್ತು, ಗೋಡೆ ನೆಕ್ಕುತ್ತಿತ್ತು. ನಮ್ಮ ಮಣ್ಣು, ಗೋಡೆ, ಗಾಳಿಯ ಧೂಳು ಎಲ್ಲವೂ ಅದೇ ಕಹಿ. ಎರಡು ಸಲ ಮತ್ತೆ ಬಾತುಕೊಂಡಿತು. ಇನ್ನೊಂದು ಸಲ ಬಾತರೆ ತಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದರು ಡಾಕ್ಟರ್. ಅವರು ಸೂಜಿಗಳನ್ನೆಲ್ಲ ಒಡೆದು ಹೂತುಹಾಕಿ, ಹೆಸರು ಬರೆಸಿದ್ದ ಇಬ್ಬರ ಮನೆಗೂ ಹೋಗಿ ಕೈಮುಗಿದು ಬಂದಿದ್ದರು. “ಮಗುವನ್ನ ನನ್ನ ಜೊತೆ ಕಳಿಸಿ. ನಾನು ಸಾಕುತ್ತೇನೆ. ನನಗೆ ಇನ್ನು ಬೇರೆ ಕೆಲಸ ಉಳಿದಿಲ್ಲ,” ಎಂದರು.

ಸುಗಂಧಾ ತನ್ನ ಸೀರೆಗಳನ್ನೂ ಮಡಚಿ ಚೀಲಕ್ಕೆ ಹಾಕಿದಳು. ನನ್ನ ತಾಯಿ ಅವಳ ಕೈ ಹಿಡಿದು, “ಇಪ್ಪತ್ತು ದಿನಕ್ಕ ಹೊಳ್ಳಿ ಬಾರವ್ವ. ಬರೂ ವರ್ಷ ಮತ್ತ ಹೋಗೂವಂತಿ,” ಎಂದಳು.

“ವರ್ಷಕ್ಕ ಇಪ್ಪತ್ತು ದಿನದ ತಾಯಿ ಆಗಿ ನಾ ಏನ್ ಮಾಡಲ್ರಿ ಅತ್ತಿ,” ಎಂದಳು ಸುಗಂಧಾ. ನಾನು ಬಸ್ ನಿಲ್ದಾಣದವರೆಗೆ ಚೀಲ ಹೊತ್ತು ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂರಲಿಲ್ಲ.

ಹತ್ತೊಂಬತ್ತನೆಯ ದಿನದಿಂದ ನಾನು ದಿನಾ ಸಂಜೆಯ ಬಸ್ಸಿಗೆ ಹೋಗಿ ನಿಂತೆ. ಇಪ್ಪತ್ತೇಳನೆಯ ದಿನ ಡಾಕ್ಟರರ ಫೋನು ಬಂತು. ನಾನು ಹೋಗಿ ಮುಟ್ಟುವುದರೊಳಗೆ ಎರಡು ದಿನವಾಗಿತ್ತು. ಸಿಹಿನೀರಿನ ಊರಿನ ಸ್ಮಶಾನದಲ್ಲಿ, ಬಂಧುಗಳು ಯಾರೂ ಇಲ್ಲದೆ, ನಾನೂ ಡಾಕ್ಟರೂ ಅವಳನ್ನು ಮಣ್ಣು ಮಾಡಿದೆವು. ಅವಳ ಬೆರಳುಗಳು ಮಡಚಿಕೊಂಡೇ ಇದ್ದವು. ದಿನಾ ಬೆಳಿಗ್ಗೆ ಬಸ್ಸು ಹತ್ತು ಎಂದು ಬೇಡಿಕೊಳ್ಳುತ್ತಿದ್ದರಂತೆ ಡಾಕ್ಟರ್, ಅವಳು ನಾಳೆ ಎನ್ನುತ್ತಿದ್ದಳಂತೆ. ಕೊನೆಯ ಐದು ದಿನ ಚಮಚ ಹಿಡಿಯಲು ಆಗದೆ, ಎರಡು ಮಣಿಕಟ್ಟಿನ ನಡುವೆ ಅದನ್ನು ಒತ್ತಿ ಹಿಡಿದು ಮಗುವಿಗೆ ಉಣಿಸುತ್ತಿದ್ದಳಂತೆ.

“ನನ್ನ ಬಗ್ಗೆ ಏನಾದ್ರೂ ಹೇಳಿದ್ಲೇನ್ರಿ?” ಎಂದು ಕೇಳಿದೆ.

ಡಾಕ್ಟರಿಗೆ ಸುಳ್ಳು ಹೇಳಲು ಬರುವುದಿಲ್ಲ. “ಇಲ್ಲ,” ಎಂದರು.

ಅಚಲಾ ಚೆನ್ನಾಗಿದ್ದಳು. ಕೆನ್ನೆ ತುಂಬಿತ್ತು, ಮೇಲೆ ಕೆಳಗೆ ಎರಡೆರಡು ಹಲ್ಲು. ಮೊದಲ ವಾರ ನನ್ನನ್ನು ಕಂಡರೆ ಡಾಕ್ಟರರ ಸೀರೆಯ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಹನ್ನೊಂದನೆಯ ದಿನ ನನ್ನ ಕೈಯಿಂದ ಬಿಸ್ಕತ್ತು ತೆಗೆದುಕೊಂಡಳು. ಹದಿನಾಲ್ಕನೆಯ ದಿನ ತಾನಾಗಿಯೇ ಬಂದು ನನ್ನ ತೊಡೆಯ ಮೇಲೆ ಕೂತಳು. ಅಂದು ಸಂಜೆ ನನ್ನ ಕಿರುಬೆರಳು ಮೊದಲ ಸಲ ಸೆಟೆಯಿತು. ನಾನೂ ಅಲ್ಲೇ ಉಳಿಯುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಹದಿನೈದನೆಯ ದಿನವೂ ಹಾಗೆಯೇ ಅಂದುಕೊಂಡೆ. ಹದಿನಾರನೆಯ ದಿನ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ, ಎದೆಯಲ್ಲಿ ಏನೋ ಹಿಡಿದಂತಾಯಿತು, ಮೈಯೆಲ್ಲ ಬೆವೆತಿತು. ಹದಿನೇಳನೆಯ ದಿನ ಬೆಳಗಿನ ಮೊದಲ ಬಸ್ಸು ಹತ್ತಿದೆ. ಡಾಕ್ಟರ್ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು, ತಡೆಯಲಿಲ್ಲ. ಮಗು ನನ್ನ ಕಡೆಗೆ ಎರಡೂ ಕೈ ಚಾಚಿತು. ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿದೆ.

ಊರು ಮುಟ್ಟಿದಾಗ ಮಧ್ಯಾಹ್ನ. ಚೀಲ ಇಳಿಸುವ ಮೊದಲೇ ಬಾವಿಗೆ ಹೋದೆ. ಕೈಯಲ್ಲಿ ಹಗ್ಗ ಹಿಡಿಯಲು ಬರಲಿಲ್ಲ. ಬಾಳವ್ವನೇ ನೀರು ಸೇದಿ ತಂಬಿಗೆಯನ್ನು ನನ್ನ ಬಾಯಿಗೆ ಹಿಡಿದಳು. ಒಂದೇ ಉಸಿರಿಗೆ ಕುಡಿದೆ. ಅಷ್ಟು ರುಚಿಯಾದದ್ದನ್ನು ನಾನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ಎರಡನೆಯ ತಂಬಿಗೆಗೆ ಹೆಬ್ಬೆರಳು ಬಿಚ್ಚಿಕೊಂಡಿತು.

“ಕೂಸು ಹೆಂಗೈತಿ?” ಎಂದಳು ತಾಯಿ.

“ಛಲೋ ಐತಿ. ಗ್ವಾಡಿ ಹಿಡಕೊಂಡು ನಿಂದರತೈತಿ.”

“ನಿನ್ನ ಗುರುತು ಹಿಡೀತೇನು?”

“ಹಿಡೀತು.”

ಅವಳು ಕೊಡವನ್ನು ಮತ್ತೆ ಬಾವಿಗೆ ಇಳಿಸಿದಳು. “ಬರೂ ವರ್ಷ ಹೋಗ್ತೀಯಲ್ಲ?”

ನಾನು ತಂಬಿಗೆಯನ್ನು ಮುಂದೆ ಚಾಚಿದೆ. “ಇನ್ನೊಂದಿಷ್ಟು ನೀರು ಹಾಕವ್ವಾ,” ಎಂದೆ.